ಬದಿ ಕೆಳಗಿಳಿಯುವ ಬೇಬಿ ಕಾಟ್ ಪುಕ್ಕಟೆ ಸಿಕ್ಕರೂ ಬೇಡ

ಯಾರದೋ ಮನೆಯ ಅಟ್ಟದಿಂದ ಇಳಿದು ಬಂದ ಬೇಬಿ ಕಾಟ್‌ನ ಅನಾಹುತ ಶುರುವಾಗುವುದು ಹೀಗೆ. ಮರ ಗಟ್ಟಿಯಾಗಿದೆ, ಬಣ್ಣ ಇನ್ನೂ ಹೊಳೆಯುತ್ತಿದೆ, ಎರಡು ಮಕ್ಕಳು ಅದರಲ್ಲೇ ಮಲಗಿ ಬೆಳೆದಿದ್ದಾರೆ. ಒಂದು ಬದಿಯನ್ನು ಕೆಳಗೆ ಜಾರಿಸಿ, ಹೆಚ್ಚು ಬಗ್ಗದೆ ಮಗುವನ್ನು ಎತ್ತಿಕೊಳ್ಳಬಹುದು. ಜೋಡಿಸುವಾಗ ಒಂದು ಬೋಲ್ಟ್ ಕಮ್ಮಿ ಬೀಳುತ್ತದೆ. ಡಬ್ಬಿಯಲ್ಲಿದ್ದ ಯಾವುದೋ ಸ್ಕ್ರೂ ಹಾಕಿ ಬಿಗಿ ಮಾಡುತ್ತಾರೆ. ನಾಲ್ಕೈದು ತಿಂಗಳು ಏನೂ ಆಗುವುದಿಲ್ಲ. ಆಮೇಲೊಂದು ರಾತ್ರಿ ಮಗು ಹೊರಳಿ ಆ ಬದಿಗೆ ಒತ್ತಿಕೊಂಡಾಗ ಒಂದು ಮೂಲೆ ಹಳಿಯಿಂದ ಕಳಚಿಕೊಳ್ಳುತ್ತದೆ.

ಬದಿ ಪೂರ್ತಿ ಬೀಳುವುದಿಲ್ಲ. ಬಿದ್ದರೆ ಸದ್ದಾದರೂ ಆಗುತ್ತಿತ್ತು. ಮೂರು ಮೂಲೆ ಹಿಡಿದುಕೊಂಡೇ ಇದ್ದು, ನಾಲ್ಕನೆಯದು ಮಾತ್ರ ಹೊರಕ್ಕೆ ವಾಲುತ್ತದೆ. ಹಾಸಿಗೆಗೂ ಕಂಬಿಗಳಿಗೂ ನಡುವೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದಾದ ಸಂದು ಬಿಡುತ್ತದೆ. ಮಗುವಿನ ಕಾಲು, ಸೊಂಟ ಅದರೊಳಗೆ ಸಲೀಸಾಗಿ ಇಳಿಯುತ್ತವೆ, ತಲೆ ಇಳಿಯುವುದಿಲ್ಲ. ಕತ್ತು, ಎದೆ ಒತ್ತಿಹೋದ ಮಗುವಿಗೆ ಅಳುವುದಕ್ಕೂ ಉಸಿರಿರುವುದಿಲ್ಲ, ಪಕ್ಕದ ಮಂಚದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ. ಕಾಟ್ ಕೊಳ್ಳುವಾಗ ನಾವೆಲ್ಲ ಹೆದರುವುದು ಮಗು ಬಿದ್ದೀತು ಎಂದು. ಬೀಳುವುದಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಸಿಕ್ಕಿಹಾಕಿಕೊಳ್ಳುವುದಕ್ಕೆ.

ಅಮೆರಿಕದಲ್ಲಿ 2000ದಿಂದ ಒಂದು ದಶಕದೊಳಗೆ ಇಂಥ ಕಾಟ್‌ಗಳಿಂದ ಕನಿಷ್ಠ 32 ಮಕ್ಕಳು ಸತ್ತ ಮೇಲೆ, 2011ರ ಜೂನ್ 28ರಿಂದ ಅವುಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿದರು. ಹಳೆಯದನ್ನು ಮತ್ತೊಬ್ಬರಿಗೆ ಮಾರುವುದೂ ಅಲ್ಲಿ ಕಾನೂನುಬಾಹಿರವೇ. ಆದರೆ ಮರ ಬೇಗ ಹಾಳಾಗುವುದಿಲ್ಲ, ಹಾಗಾಗಿ ಈ ಕಾಟ್‌ಗಳು ಕೈಯಿಂದ ಕೈಗೆ ಸಾಗುತ್ತಲೇ ಇವೆ.

ಹಾಳಾಗುವುದು ಮರವಲ್ಲ, ಕೊಂಡಿ. ಜಾರುವ ಬದಿಯ ಮೂಲೆಗಳಲ್ಲಿ ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಇಡೀ ಬದಿಯ ಭಾರ ಅವುಗಳ ಮೇಲೆ. ದಿನಕ್ಕೆ ಹತ್ತು ಸಲ ಮೇಲೆ ಕೆಳಗೆ ಆಡಿಸಿ ಅವು ಬಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿಳಿಗೆರೆ ಮೂಡುತ್ತದೆ. ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಮಾತ್ರ ಕಾಣಿಸೀತು. ಆ ಗೆರೆ ಬಂತೆಂದರೆ ಪ್ಲಾಸ್ಟಿಕ್ ಒಳಗೊಳಗೇ ಸೀಳುತ್ತಿದೆ ಎಂದರ್ಥ. ತಂತಿ ಕಟ್ಟಿ, ಟೇಪು ಸುತ್ತಿ, ಮೊಳೆ ಹೊಡೆದು ಬದಿಯನ್ನು ನಿಲ್ಲಿಸುವ ಉಪಾಯಗಳನ್ನು ಯಾರಾದರೂ ಹೇಳಿದರೆ ಕೇಳಬೇಡಿ. ತಂತಿ ಎಳೆದ ಕಡೆ ಬಿಗಿಯಾಗುತ್ತದೆ, ಅದರ ಎದುರು ಮೂಲೆಯಲ್ಲಿ ಸಂದು ತೆರೆದುಕೊಳ್ಳುತ್ತದೆ. ಬಗ್ಗಲು ಕಷ್ಟವಿದ್ದವರು ನಾಲ್ಕೂ ಬದಿ ಕದಲದ, ಹಾಸಿಗೆಯ ಹಲಗೆಯನ್ನು ಎರಡು ಮೂರು ಎತ್ತರದಲ್ಲಿ ಕೂರಿಸಬಹುದಾದ ಕಾಟ್ ತೆಗೆದುಕೊಳ್ಳಿ. ಮೊದಲ ತಿಂಗಳುಗಳಲ್ಲಿ ಹಲಗೆ ಮೇಲಿನ ಮಟ್ಟದಲ್ಲೇ ಇರುತ್ತದೆ, ಬೆನ್ನಿಗೂ ಅಷ್ಟು ತ್ರಾಸವಿಲ್ಲ.

ಕದಲದ ಬದಿಯದ್ದಾದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವ ಹಾಗಿಲ್ಲ, ಅಳತೆ ಟೇಪು ಜೊತೆಗಿರಲಿ. ಎರಡು ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಜಾಗ ಇರಬಾರದು. ಟೇಪು ಇಲ್ಲದಿದ್ದರೆ ಮಾಮೂಲಿ ದಪ್ಪದ ತಂಪುಪಾನೀಯದ ಡಬ್ಬಿಯೊಂದನ್ನು ಸಂದಿಗೆ ತೂರಿಸಿ ನೋಡಿ. ತೂರಿದರೆ ಆ ಕಾಟ್ ಬೇಡ. ಕಂಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದನ್ನೂ ಮರೆಯಬೇಡಿ. ಗೋಂದು ಬಿಟ್ಟ ಕಂಬಿ ಗಿರ್ರನೆ ತಿರುಗುತ್ತದೆ. ಅದು ಕಳಚಿ ಬಿದ್ದ ದಿನ 6 ಸೆಂ.ಮೀ. ಇದ್ದ ಸಂದು ಎರಡು ಪಟ್ಟಿಗೂ ಮೀರುತ್ತದೆ.

ಹಾಸಿಗೆಯ ಅಳತೆಯಲ್ಲಿ ತುಂಬಾ ಜನ ಎಡವುತ್ತಾರೆ. ಹಾಸಿಗೆಯನ್ನು ನಟ್ಟನಡುವೆ ಇಟ್ಟರೆ ಎರಡೂ ಕಡೆ ಒಂದೊಂದು ಬೆರಳು ಸಂದು ಕಾಣುತ್ತದೆ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಹಾಸಿಗೆ ನಡುವೆಯೇ ನಿಲ್ಲುವುದಿಲ್ಲ. ಅದನ್ನು ಒಂದು ಮೂಲೆಗೆ ಪೂರ್ತಿ ನೂಕಿ, ಎದುರು ಕಡೆ ಉಳಿದ ಸಂದನ್ನು ಅಳೆಯಿರಿ. ಅಲ್ಲಿ ಎರಡು ಬೆರಳು ಆರಾಮಾಗಿ ಇಳಿದು ಇನ್ನೂ ಜಾಗ ಮಿಕ್ಕರೆ ಹಾಸಿಗೆ ಚಿಕ್ಕದಾಯಿತು. ಯುರೋಪಿನ ಮಾನದಂಡದ ಪ್ರಕಾರ ಗರಿಷ್ಠ 3 ಸೆಂ.ಮೀ. ಬಟ್ಟೆ ಸುರುಳಿ ತುರುಕಿ ಸಂದು ಮುಚ್ಚುವುದು ಪರಿಹಾರವಲ್ಲ, ಆ ಬಟ್ಟೆಯೇ ಮಗುವಿನ ಮುಖದ ಮೇಲೆ ಬರುತ್ತದೆ. ಹಾಸಿಗೆ ಗಟ್ಟಿಯಾಗಿ, ಸಪಾಟಾಗಿ ಇರಬೇಕು. ಅಂಗೈ ಒತ್ತಿ ತೆಗೆದರೆ ಗುಳಿ ಉಳಿಯಬಾರದು.

ಮಡಚುವ, ಜಾಲರಿ ಬದಿಯ ಕಾಟ್‌ಗಳಲ್ಲಿ ಇದೇ ತಪ್ಪು ಇನ್ನೂ ಅಪಾಯಕಾರಿ. ಜೊತೆಗೆ ಬರುವ ತೆಳು ಹಾಸಿಗೆ ನೋಡಿ ಅಯ್ಯೋ ಪಾಪ ಎಂದು ಮೇಲೊಂದು ಮೆತ್ತನೆಯದು ಹಾಕುತ್ತಾರೆ. ಜಾಲರಿ ಹಿಗ್ಗುವ ಬಟ್ಟೆ. ಮಗು ಅಂಚಿಗೆ ಹೊರಳಿದಾಗ ಜಾಲರಿ ಹೊರಕ್ಕೆ ಉಬ್ಬಿ, ಮೇಲಿನ ಹಾಸಿಗೆಯ ಪಕ್ಕ ಜೋಳಿಗೆಯಂತೆ ತಗ್ಗು ಬೀಳುತ್ತದೆ. ಮಗು ಮುಖ ಅಡಿಯಾಗಿ ಅದರೊಳಗೆ ಜಾರುತ್ತದೆ. ಆ ಕಾಟ್‌ಗೆಂದೇ ಮಾಡಿದ ಹಾಸಿಗೆ ಬಿಟ್ಟು ಬೇರೇನನ್ನೂ ಹಾಕಬೇಡಿ.

ಜೋಡಣೆಯ ವಿಷಯಕ್ಕೆ ಬಂದರೆ, ಮರದ ಚೂರುಗಳನ್ನು ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್‌ಗೆ ನೇರವಾಗಿ ಸ್ಕ್ರೂ ತಿರುಗಿಸುವ ಕಾಟ್ ಒಂದೆರಡು ಸಲ ಬಿಚ್ಚಿ ಜೋಡಿಸುವಷ್ಟರಲ್ಲಿ ಸೋತುಬಿಡುತ್ತದೆ. ಸ್ಕ್ರೂ ಬಿಚ್ಚಿದಾಗ ಎಳೆಗಳ ನಡುವೆ ಮರದ ಹೊಟ್ಟು ಅಂಟಿಕೊಂಡು ಬಂದರೆ, ಅಥವಾ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ, ಆ ತೂತು ಮುಗಿಯಿತು. ದಪ್ಪ ಸ್ಕ್ರೂ ಹಾಕಿದರೆ ಹಲಗೆ ಸೀಳುತ್ತದೆ. ಮರದೊಳಗೆ ಲೋಹದ ನಟ್ ಕೂರಿಸಿ ಅದಕ್ಕೆ ಬೋಲ್ಟ್ ಬಿಗಿಯುವಂಥದ್ದೇ ಬಾಳಿಕೆ ಬರುವುದು. ಜೋಡಿಸಿದ ಒಂದು ವಾರಕ್ಕೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅಲೆನ್ ಕೀ ಹಿಡಿದು ಎಲ್ಲ ಬೋಲ್ಟ್ ಮುಟ್ಟಿ ನೋಡಿ. ಹಾಸಿಗೆ ತೆಗೆದು ಹಲಗೆಯನ್ನು ಅಡಿಯಿಂದ ಮೇಲಕ್ಕೆ ಗುದ್ದಿಯೂ ನೋಡಿ. ಕೊಕ್ಕೆಗೆ ಸುಮ್ಮನೆ ತೂಗುಹಾಕಿದ ಹಲಗೆಯಾದರೆ ಅಲ್ಲೇ ಕಳಚುತ್ತದೆ. ಒಂದೇ ಒಂದು ಭಾಗ ಕಾಣೆಯಾಗಿದ್ದರೂ ತಯಾರಕರಿಂದಲೇ ತರಿಸಬೇಕು. ಸಿಗದಿದ್ದರೆ ಆ ಕಾಟ್ ಆಸೆ ಬಿಡಿ.

ಮೂಲೆಯ ಕಂಬ ಚೌಕಟ್ಟಿಗಿಂತ 1.5 ಮಿ.ಮೀ.ಗೂ ಹೆಚ್ಚು ಮೇಲೆ ಚಾಚಿದ್ದರೆ ಅಂಗಿಯ ಕೊರಳು ಸಿಕ್ಕಿಕೊಳ್ಳುತ್ತದೆ. ತಲೆಯ ಕಡೆಯ ಹಲಗೆಯಲ್ಲಿ ಚಂದಕ್ಕೆಂದು ಕೊರೆದ ಚಿತ್ತಾರದ ಕಿಂಡಿಗಳೂ ಬೇಡ. ತುಂಬಾ ಹಳೆಯ ಕಾಟ್‌ನ ಬಣ್ಣದಲ್ಲಿ ಸೀಸ ಇರಬಹುದು, ಹಲ್ಲು ಬರುವ ಮಗು ಮೊದಲು ಕಡಿಯುವುದೇ ಮೇಲಿನ ಅಂಚನ್ನು. ಕಂಬಿಗಳ ಒಳಬದಿಗೆ ಕಟ್ಟುವ ಮೆತ್ತನೆಯ ಪಟ್ಟಿ (ಬಂಪರ್), ದಿಂಬು, ಗೊಂಬೆ ಯಾವುದೂ ಒಳಗೆ ಬೇಡ. ಬಂಪರ್‌ಗಳನ್ನೂ, 10 ಡಿಗ್ರಿಗಿಂತ ಹೆಚ್ಚು ಓರೆಯಾದ, ಶಿಶುಗಳನ್ನು ಮಲಗಿಸುವ ಸಾಧನಗಳನ್ನೂ ಅಮೆರಿಕದ ಕಾನೂನು 2022ರಲ್ಲಿ ನಿಷೇಧಿಸಿತು.

ಮಗು ತಾನಾಗಿ ಎದ್ದು ಕೂರುವ ಹೊತ್ತಿಗೆ ಹಲಗೆ ಕೆಳಗಿಳಿದಿರಬೇಕು, ಹಿಡಿದು ನಿಲ್ಲುವ ಮೊದಲೇ ಅತ್ಯಂತ ಕೆಳಮಟ್ಟ ಮುಟ್ಟಿರಬೇಕು. ನಾಳೆ ಇಳಿಸಿದರಾಯಿತು ಎನ್ನಬೇಡಿ, ಮಕ್ಕಳು ನಿಲ್ಲಲು ಕಲಿಯುವುದು ಒಂದೇ ರಾತ್ರಿಯಲ್ಲಿ. ಕೆಳಮಟ್ಟದಲ್ಲಿ ಹಾಸಿಗೆಯ ಮೇಲ್ಮೈಯಿಂದ ಬದಿಯ ತುದಿಗೆ 50 ಸೆಂ.ಮೀ. ಇರಲಿ. ಮಗು 89 ಸೆಂ.ಮೀ. ಬೆಳೆದರೆ ಅಥವಾ ಅದಕ್ಕೂ ಮೊದಲೇ ಹತ್ತಿ ದಾಟಲು ನೋಡಿದರೆ ಕಾಟ್‌ನ ಕಾಲ ಮುಗಿಯಿತು.

ಈಗಾಗಲೇ ಮನೆಯಲ್ಲಿ ಜಾರುವ ಬದಿಯದ್ದು ಇದ್ದರೆ ಇವತ್ತೇ ಮಗುವನ್ನು ಅದರಿಂದ ತೆಗೆಯಿರಿ. ಕಾಟನ್ನು ಹಾಗೇ ಹೊರಗಿಟ್ಟರೆ ಇನ್ನೊಬ್ಬರು ಒಳ್ಳೆಯದಿದೆ ಎಂದು ಹೊತ್ತೊಯ್ಯುತ್ತಾರೆ. ಜಾರುವ ಬದಿಯನ್ನು ಗರಗಸದಲ್ಲಿ ನಡುವೆ ಕೊಯ್ದು, ಕೊಂಡಿಗಳನ್ನು ಮುರಿದು, ಬೋಲ್ಟ್‌ಗಳನ್ನು ಬೇರೆ ಚೀಲದಲ್ಲಿ ಹಾಕಿ ಎಸೆಯಿರಿ.