ವಿಡಿಯೋದ ಸದ್ದು ಕೇಳಿ ಬೇಸ್ ಗಿಟಾರ್ ತಗೋಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ (ತಗ್ಗಿನ ಸ್ವರದ, ದಪ್ಪ ತಂತಿಯ ಗಿಟಾರ್) ಹುಡುಕುತ್ತಿರುವವರು ಇದನ್ನು ಸ್ವಲ್ಪ ಪೂರ್ತಿ ಓದಿ. ಒಬ್ಬ ಮಾರಾಟಗಾರ ಬೇರೆ ಯಾವುದೋ ಬೇಸ್‌ನ ಸದ್ದನ್ನು ತನ್ನ ಬೇಸ್‌ನ ವಿಡಿಯೋಗೆ ಅಂಟಿಸಿ ಮಾರುತ್ತಿದ್ದಾನೆ. ನನಗೂ ಹಾಗೇ ಮಾರಿದ. ಹೆಸರು, ನಂಬರು ಹಾಕುವುದಿಲ್ಲ. ಸಿಮ್ ಬದಲಾಯಿಸಲು ಎಷ್ಟು ಹೊತ್ತು ಬೇಕು ಹೇಳಿ? ಮೋಸ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಯಾರು ಬಂದರೂ ಹಿಡಿಯಬಹುದು.

ಮೊದಲು ಒಂದು ಮಾತು. ನಮ್ಮ ಕಡೆ ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಕೇಳಿದರೆ ಅಂಗಡಿಯವರು ನಾಲ್ಕು ತೆಗೆದು ಮುಂದಿಡುತ್ತಾರೆ. ಬೇಸ್ ಕೇಳಿದರೆ "ಆರ್ಡರ್ ಕೊಡ್ರಿ, ತರಿಸಿ ಕೊಡ್ತೀವಿ" ಅನ್ನುತ್ತಾರೆ. ನಾಲ್ಕು ಬೇಸ್ ಪಕ್ಕಪಕ್ಕ ಇಟ್ಟು, ಒಂದೇ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ) ಹಾಕಿ, ಇದರ ಸದ್ದು ಹೀಗೆ ಅದರದು ಹಾಗೆ ಅಂತ ಹೋಲಿಸಿ ನೋಡಬೇಕು ಅಂದರೆ ರೈಲು ಹತ್ತಬೇಕು. ಒಂದೋ ಸೊಲ್ಲಾಪುರದ ಕಡೆ, ಇಲ್ಲ ವಾಡಿ ಮೇಲೆ ಹೈದರಾಬಾದ್. ಹಾಗಾಗಿ ಹವ್ಯಾಸಕ್ಕೆ ಬಾರಿಸುವ ನಮ್ಮಂಥವರ ಹೋಲಿಕೆ, ವಾದ, ಜಗಳ ಎಲ್ಲ ಮೊಬೈಲ್‌ನಲ್ಲೇ. ಈ ಮನುಷ್ಯ ಅದನ್ನೇ ಹಿಡಿದುಕೊಂಡಿದ್ದಾನೆ.

ನಾವು ಗೆಳೆಯರು ಭಾನುವಾರ ಸೇರಿ ಬಾರಿಸುತ್ತೇವೆ. ಹಳೇ ಸಿನಿಮಾ ಹಾಡು, ಭಾವಗೀತೆ, ಗಣಪತಿ ಹಬ್ಬ ಬಂದರೆ ಓಣಿಯ ಸ್ಟೇಜ್. ನನ್ನ ಕೈಯಲ್ಲಿ ಇಷ್ಟು ದಿನ ಇದ್ದದ್ದು ಗೆಳೆಯನ ಪಿ ಬೇಸ್. ನನಗೆ ಜೆ ಬೇಸ್ ಬೇಕಾಗಿತ್ತು. ಹೊಸಬರಿಗಾಗಿ ಹೇಳುತ್ತೇನೆ: ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ (ಪಿ) ತಂದಿತು, 1960ರಲ್ಲಿ ಜಾಝ್ ಬೇಸ್ (ಜೆ). ಇವತ್ತು ಸಿಗುವ ಬೇಸ್‌ಗಳಲ್ಲಿ ತುಂಬಾನೇ, ಯಾವ ಕಂಪನಿಯದಾದರೂ ಇರಲಿ, ಈ ಎರಡರಲ್ಲಿ ಒಂದನ್ನು ನೋಡಿಕೊಂಡೇ ಮಾಡಿದವು. ಪಿ ಅಂದರೆ ನಡುವೆ ಎರಡು ತುಂಡಾಗಿ ಕೂತಿರುವ ಒಂದು ಪಿಕಪ್ (ತಂತಿಯ ಅಲುಗಾಟ ಹಿಡಿದು ಆಂಪ್‌ಗೆ ಕಳಿಸುವ ಭಾಗ). ಗುಂಡಗಿನ, ತುಂಬಿದ ಸದ್ದು. ಜೆ ಅಂದರೆ ಎರಡು ಪಿಕಪ್, ಒಂದು ನೆಕ್ (ಉದ್ದನೆಯ ಕತ್ತು) ಕಡೆ, ಅದು ಮುಂದಿನದು; ಇನ್ನೊಂದು ಬ್ರಿಜ್ (ಬಾಡಿಯ ಮೇಲೆ ತಂತಿ ಕಟ್ಟುವ ಜಾಗ) ಕಡೆ, ಅದು ಹಿಂದಿನದು. ಬ್ರಿಜ್ ಕಡೆಯದನ್ನು ಏರಿಸಿದರೆ ಸದ್ದು ಬಿಗಿಯಾಗುತ್ತದೆ, ಮೂಗಿನಲ್ಲಿ ಮಾತಾಡಿದ ಹಾಗೆ ಗುರುಗುಟ್ಟುತ್ತದೆ. ಕೀಬೋರ್ಡ್, ಢೋಲಕ್ ಎಲ್ಲ ಸೇರಿದಾಗಲೂ ಒಂದೊಂದು ಸ್ವರ ಬೇರೆಯಾಗಿ ಕೇಳುತ್ತದೆ. ನೆಕ್ ಕೂಡ ನಟ್ (ತಲೆಯ ಹತ್ತಿರ ತಂತಿಗಳು ಕೂರುವ ಪಟ್ಟಿ) ಹತ್ತಿರ ಸಪೂರವಾಗಿರುತ್ತದೆ, ಅಗಲ ಒಂದೂವರೆ ಇಂಚು. ನನ್ನ ಕೈ ಸಣ್ಣದು, ಅದೂ ಒಂದು ಕಾರಣ.

ಇವನ ವಿಡಿಯೋದಲ್ಲಿ ಕೇಳಿದ್ದು ಸರಿಯಾಗಿ ಅದೇ ಸದ್ದು. ಕೆಂಪು ಬಾಡಿ, ಬಿಳಿ ಪಿಕ್‌ಗಾರ್ಡ್, ತಲೆಯ ಮೇಲೆ ದೊಡ್ಡ ಕಂಪನಿಯ ಹೆಸರು. ಬೆಲೆ 22,000 ಹೇಳಿ 18,000ಕ್ಕೆ ಇಳಿದ. ಸೇಡಂ ರಸ್ತೆ ಕಡೆಯ ಒಂದು ರೂಮಿಗೆ ಕರೆದ. ಹೋದರೆ ಕರೆಂಟ್ ಇಲ್ಲ. "ಈಗ ಹೋತ್ ನೋಡ್ರಿ ಅಣ್ಣಾರ, ಎರಡು ತಾಸು ಬರಲ್ಲ" ಅಂದ. ಆಮೇಲೆ ಪಕ್ಕದ ಓಣಿಯವರನ್ನು ಕೇಳಿದರೆ ಅವತ್ತು ಅಲ್ಲಿ ಕರೆಂಟ್ ಹೋಗಿರಲೇ ಇಲ್ಲವಂತೆ! ಆಂಪ್ ಇಲ್ಲದೆ ಬೇಸ್ ಬಾರಿಸಿದರೆ ತಂತಿ ಟಕ್ ಟಕ್ ಅನ್ನುವುದಷ್ಟೇ ಕೇಳುತ್ತದೆ. ಮತ್ತೆ ಮೊಬೈಲ್ ತೆಗೆದು ಅದೇ ವಿಡಿಯೋ ಹಾಕಿದ. "ಸೌಂಡ್ ಕೇಳೀರಲ್ಲ, ಇನ್ನೇನು ಬೇಕ್ರಿ? ಸಂಜಿಗಿ ಹುಮನಾಬಾದಿನವರು ಬರ್ತಾರ, ನಾ ಹೇಳೂದು ಹೇಳೀನಿ." ಅಂಗೈಯಲ್ಲಿ ಅರಮನೆ ತೋರಿಸುವುದು ಅಂದರೆ ಇದೇ.

ಮನೆಗೆ ತಂದು ಆಂಪ್‌ಗೆ ಹಾಕಿದರೆ ಮುಂದಿನ ಪಿಕಪ್‌ನಿಂದ ಸಪ್ಪೆ ಸದ್ದು. ಹಿಂದಿನದರಿಂದ ಏನೂ ಇಲ್ಲ. ನಾಬ್ ಪೂರ್ತಿ ತಿರುಗಿಸಿದರೂ ಕರಕರ ಅಂತಷ್ಟೇ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಒತ್ತಿದರೆ ಝರ್ ಅನ್ನುತ್ತದೆ. ಅದೇ ಎಲ್ಲಕ್ಕಿಂತ ತೆಳುವಾದ ಜಿ ತಂತಿ ನಡುಭಾಗದಲ್ಲಿ ಎಷ್ಟು ಮೇಲಿದೆ ಅಂದರೆ ಒತ್ತಿ ಒತ್ತಿ ಬೆರಳು ನೋಯಬೇಕು.

ಬೀದರ್‌ನಿಂದ ನಮ್ಮ ಗೆಳೆಯ ಬಂದ. ಅಲ್ಲಿ ಚರ್ಚ್‌ನಲ್ಲಿ ಬೇಸ್ ಬಾರಿಸುತ್ತಾನೆ, ವಾದ್ಯ ಬಿಚ್ಚಿ ಕಟ್ಟುವುದರಲ್ಲಿ ಕೈ ಪಳಗಿದವನು. ಅವನು ತಂತಿ ಮುಟ್ಟಲೂ ಇಲ್ಲ. ಬೇಸ್ ಎತ್ತಿ ಬ್ರಿಜ್ ಕಡೆಯನ್ನು ಕಣ್ಣಿನ ಹತ್ತಿರ ಹಿಡಿದು, ನೆಕ್ ಉದ್ದಕ್ಕೂ ನಟ್ ಕಡೆ ನೋಡಿದ. ನನಗೂ ತೋರಿಸಿದ. ಹತ್ತಿರದ ಫ್ರೆಟ್‌ಗಳ ಗೆರೆಗೂ ದೂರದ ನಟ್‌ನ ಗೆರೆಗೂ ಹೊಂದಾಣಿಕೆ ಆಗಬೇಕು, ಎರಡೂ ಸಮಾನಾಂತರ ಇರಬೇಕು. ಇಲ್ಲಿ ನಟ್ ಒಂದು ಕಡೆ ಓರೆಯಾಗಿತ್ತು. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬೇರೇನೂ ಕಾಣಿಸುವುದಿಲ್ಲ. ನೆಕ್ ತಿರುಚಿಕೊಂಡಿದೆ. ಇ ಕಡೆ ಹಿಂದಕ್ಕೆ ಬಾಗಿದೆ, ಜಿ ಕಡೆ ಮುಂದಕ್ಕೆ. ಅದು ಕಾಣಬಾರದು ಅಂತ ಬ್ರಿಜ್‌ನಲ್ಲಿ ಇ ತಂತಿಯ ಸ್ಯಾಡಲ್ (ತಂತಿ ಕೂರುವ ತುಂಡು) ಅನ್ನು ಸಾಧ್ಯವಾದಷ್ಟು ಮೇಲೆತ್ತಿ ಇಟ್ಟಿದ್ದ, ಸ್ಕ್ರೂ ಅರ್ಧ ಹೊರಗಿತ್ತು.

ಟ್ರಸ್ ರಾಡ್ ತಿರುಗಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳಿದರು. ಆಗುವುದಿಲ್ಲ. ನೆಕ್ ಒಳಗೆ ನಡುವೆ ಕೂತಿರುವ ಒಂದೇ ಕಬ್ಬಿಣದ ರಾಡ್ ಅದು. ಎರಡೂ ಕಡೆ ಒಂದೇ ಥರ ಎಳೆಯುತ್ತದೆ. ನೆಕ್ ಸಮನಾಗಿ ಬಾಗಿದ್ದರೆ ಕಾಲು ಸುತ್ತು, ಅರ್ಧ ಸುತ್ತಿನಲ್ಲಿ ನೇರ ಮಾಡಬಹುದು. ತಿರುಚಿದ್ದರೆ ಜಿ ಕಡೆ ಸರಿ ಮಾಡಲು ಹೋದಾಗ ಇ ಕಡೆ ಇನ್ನೂ ಕೆಡುತ್ತದೆ. ನನ್ನದರಲ್ಲಿ ರಾಡ್ ತಿರುಗಿಸುವ ಸ್ಕ್ರೂ ನಟ್ಟೇ ಸವೆದು ಹೋಗಿತ್ತು, ಕೀ ಹಾಕಿದರೆ ಸುಮ್ನೆ ತಿರುಗುತ್ತದೆ. ನನಗಿಂತ ಮೊದಲೇ ಯಾರೋ ಸಾಕಷ್ಟು ಜೋರು ತೋರಿಸಿದ್ದಾರೆ.

ಹಿಂದಿನ ಪಿಕಪ್ ಕಥೆ ಟಿವಿ ರಿಪೇರಿ ಅಂಗಡಿಯಲ್ಲಿ ಬಗೆಹರಿಯಿತು. ಜೆ ಬೇಸ್ ಪಿಕಪ್‌ನ ಎರಡು ವೈರ್‌ಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ ಏಳು, ಎಂಟು ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಮುಂದಿನದು 7.2 ತೋರಿಸಿತು. ಹಿಂದಿನದಕ್ಕೆ ಹಿಡಿದಾಗ ಮೀಟರ್‌ನ ಎಡತುದಿಯಲ್ಲಿ ಬರೀ 1 ಅಂತ ನಿಂತಿತು, ಅಂದರೆ ಒಳಗೆ ತಂತಿ ಎಲ್ಲೋ ಕಡಿದಿದೆ. ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಸಾವಿರಾರು ಸುತ್ತು. ಅಂಗಡಿಯ ಕಾಕಾ ಕನ್ನಡಕ ಮೇಲೇರಿಸಿ "ಇದು ಸತ್ತು ಭಾಳ ದಿನ ಆಗ್ಯಾದ ತಮ್ಮಾ" ಅಂದರು. ದುಡ್ಡು ತಗೊಳ್ಳಲಿಲ್ಲ, ಪಾಪ.

ಹಾಗಾದರೆ ವಿಡಿಯೋದಲ್ಲಿ ಗುರುಗುಟ್ಟಿದ್ದು ಯಾವುದು?

ಬೀದರ್ ಗೆಳೆಯ ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ನಿಧಾನಕ್ಕೆ ನೋಡಿದ. ಇಲ್ಲಿಂದ ಮುಂದೆ ಗಮನ ಕೊಡಿ, ನಿಮಗೆ ಉಪಯೋಗಕ್ಕೆ ಬರುವುದು ಇದೇ. ಮಾರಾಟಗಾರನ ಬಲಗೈ ನೆಕ್ ಮುಗಿಯುವ ಜಾಗದ ಹತ್ತಿರ ಬಾರಿಸುತ್ತಿದೆ. ಅಲ್ಲಿ ಬಾರಿಸಿದರೆ ಯಾವ ಬೇಸ್ ಆದರೂ ಮೆತ್ತಗೆ, ದುಂಡಗೆ ಕೇಳಬೇಕು. ನಮಗೆ ಕೇಳುತ್ತಿರುವುದು ಬ್ರಿಜ್ ಹತ್ತಿರ ಬಾರಿಸಿದ ಬಿಗಿ ಸದ್ದು. ಇಷ್ಟಕ್ಕೇ ಮೋಸ ಅನ್ನಲು ಆಗುವುದಿಲ್ಲ, ನಾಬ್‌ನಲ್ಲೂ ಆಂಪ್‌ನಲ್ಲೂ ಸದ್ದು ಬದಲಾಯಿಸಬಹುದು. ಸ್ವಲ್ಪ ಮುಂದೆ ಪ್ರತಿ ಸ್ವರದ ಶುರುವಿನಲ್ಲಿ ಟಿಕ್ ಟಿಕ್ ಅಂತ ಪ್ಲೆಕ್ಟ್ರಂ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ತಾಗಿದ ಸದ್ದು ಇದೆ, ಪರದೆಯ ಮೇಲೆ ಮಾತ್ರ ಎರಡು ಬೆರಳು. ಅದಕ್ಕೂ ಒಂದು ಉತ್ತರ ಇದೆ ಅನ್ನಿ. ಐರನ್ ಮೇಡನ್ ಬ್ಯಾಂಡ್‌ನ ಸ್ಟೀವ್ ಹ್ಯಾರಿಸ್ ಬಾರಿಸುವುದು ಬೆರಳಲ್ಲೇ, ಆದರೂ ಕುದುರೆ ಓಟದಂತಹ ಆ ಬಡಿತ ಕೇಳಿ ಪ್ಲೆಕ್ಟ್ರಂ ಅಂದುಕೊಳ್ಳುವವರು ಇದ್ದಾರೆ. ಆದರೆ ನಡುವೆ ಒಂದು ಜಾರು ಬರುತ್ತದೆ. ಎ ತಂತಿಯ ಮೇಲೆ ಕೆಳಗಿನಿಂದ ಮೇಲಿನವರೆಗೆ ಉದ್ದಕ್ಕೆ ಜಾರುವ ಸದ್ದು. ಆಗ ಅವನ ಎಡಗೈ ಐದನೇ ಫ್ರೆಟ್‌ನಲ್ಲಿ ಅಲ್ಲಾಡದೆ ಕೂತಿದೆ! ಇದಕ್ಕೆ ಏನು ಉತ್ತರ ಕೊಡುತ್ತೀರಿ? ಕೊನೆಗೆ ಹೆಬ್ಬೆರಳಿನಿಂದ ತಂತಿ ಬಡಿಯುವ ಸ್ಲ್ಯಾಪ್ ಕೇಳುತ್ತದೆ, ಹೆಬ್ಬೆರಳು ತಂತಿಗೆ ತಾಗಿಯೇ ಇಲ್ಲ.

ಇದು ಮೊಬೈಲ್‌ನಲ್ಲಿ ಯಾಕೆ ಗೊತ್ತಾಗುವುದಿಲ್ಲ ಅಂದರೆ, ಬೇಸ್‌ನ ಖಾಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ, ಎ ತಂತಿ 55 ಸಲ. ಮೊಬೈಲ್‌ನ ಚಿಕ್ಕ ಸ್ಪೀಕರ್ ಅಷ್ಟು ತಗ್ಗಿನ ಸದ್ದನ್ನು ಹೊರಗೆ ಹಾಕಲು ಆಗುವುದೇ ಇಲ್ಲ. ಅದರ ಮೇಲಿನ ಸಣ್ಣಸಣ್ಣ ಸ್ವರಗಳಷ್ಟೇ ಬರುತ್ತವೆ, ಕೆಳಗಿನದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. ಹಾಗಾಗಿ ಮೊಬೈಲ್ ಸ್ಪೀಕರ್‌ನಲ್ಲಿ ಎರಡು ಬೇಸ್ ಹೋಲಿಸುವುದು ಅರ್ಥವಿಲ್ಲದ ಕೆಲಸ. ಪಿ ಮೇಲೋ ಜೆ ಮೇಲೋ ಅಂತ ರಾತ್ರಿಯೆಲ್ಲ ಮೆಸೇಜ್ ಹಾಕಿ ಜಗಳ ಆಡುವ ನಮ್ಮವರಿಗೂ ಈ ಮಾತು ಹೇಳಬೇಕು. ಸದ್ದಿನಲ್ಲಿ ವಾದ್ಯಕ್ಕಿಂತ ಕೈಯ ಪಾಲೇ ಜಾಸ್ತಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಪಿ ಬೇಸ್‌ಗೆ ದಪ್ಪ ಫ್ಲ್ಯಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿ ಹಾಕಿ, ಅದನ್ನು ಬದಲಾಯಿಸುವ ಗೋಜಿಗೇ ಹೋಗದೆ, ಒಂದೇ ತೋರುಬೆರಳಲ್ಲಿ ಬಾರಿಸಿದವರು. ಜಾಝ್ ಸಂಗೀತದ ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಜೆ ಬೇಸ್ ಹಿಡಿದು, ಹಿಂದಿನ ಪಿಕಪ್ ಮೇಲೆ ಭಾರ ಹಾಕಿ, ಬ್ರಿಜ್ ಹತ್ತಿರ ಬೆರಳಾಡಿಸಿದವರು. ಅದೇ ಬೇಸ್ ನಾನು ಹಿಡಿದರೆ ಆ ಸದ್ದು ಬರುತ್ತದಾ?

ಮಾರಾಟಗಾರನಿಗೆ ಫೋನ್ ಮಾಡಿದೆ. ಮೊದಲು "ನಮ್ ಕಡಿ ಬಿಸಿಲಿಗಿ ಕಟ್ಟಿಗಿ ಸ್ವಲ್ಪ ಬಾಗತದ್ರಿ" ಅಂದ. ಬಿಸಿಲಿನ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಏಪ್ರಿಲ್, ಮೇ ಒಣ ಸೆಖೆಗೆ ಫ್ರೆಟ್‌ಬೋರ್ಡಿನ ಮರ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಚಾಚಿ ಕೈಗೆ ಚುಚ್ಚುತ್ತವೆ, ನೆಕ್ ಸ್ವಲ್ಪ ಬಾಗುತ್ತದೆ. ಕಾರಿನ ಡಿಕ್ಕಿಯಲ್ಲಿ ಇಟ್ಟು ಮರೆತರಂತೂ ಮುಗೀತು. ಆದರೆ ಬಿಸಿಲು ಬಂದು ವಿಡಿಯೋಗೆ ಬೇರೆ ಸದ್ದು ಅಂಟಿಸುವುದಿಲ್ಲ ಅಲ್ವಾ. ಅದನ್ನು ಕೇಳಿದ ಮೇಲೆ ಧಾಟಿ ಬದಲಾಯಿತು: "ಒಮ್ಮೆ ಮಾಲು ಕೈ ಬಿಟ್ಟ ಮ್ಯಾಲೆ ನಂದೇನಿಲ್ರಿ. ಬೇಕಂದ್ರ ನನಗೇ ತಂದು ಕೊಡ್ರಿ, ಯಾರಿಗರೆ ಮಾರಿಸಿ ಕೊಡ್ತೀನಿ." ಅದೇ ವಿಡಿಯೋ ಹಾಕಿ ಮಾರುತ್ತಾನೆ ಅಂತ ಬೇರೆ ಹೇಳಬೇಕಾ!

ನೋಡಲು ಹೋಗುವಾಗ ಕೇಬಲ್ ಮತ್ತು ಬ್ಯಾಟರಿಯಲ್ಲಿ ಓಡುವ ಪುಟ್ಟ ಆಂಪ್ ಒಯ್ಯಿರಿ, ಕರೆಂಟ್ ನೆಪ ಅಲ್ಲಿಗೇ ಮುಗಿಯುತ್ತದೆ. ಕೇಬಲ್ ಹಾಕಿ, ಒಂದು ಪಿಕಪ್‌ನ ವಾಲ್ಯೂಮ್ ಪೂರ್ತಿ ಇಳಿಸಿ, ಇನ್ನೊಂದನ್ನು ಪೂರ್ತಿ ಏರಿಸಿ, ಆ ಪಿಕಪ್ ಮೇಲೆ ಕಬ್ಬಿಣದ ಕೀಲಿಯಿಂದ ಮೆಲ್ಲಗೆ ತಟ್ಟಿ. ಬದುಕಿದ್ದರೆ ಆಂಪ್‌ನಲ್ಲಿ ಟಕ್ ಅನ್ನುತ್ತದೆ. ಆಮೇಲೆ ಇನ್ನೊಂದಕ್ಕೆ. ಬೇಸ್ ಬಾರಿಸಲು ಬಾರದವರೂ ಇದನ್ನು ಮಾಡಬಹುದು. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಕಡೆಯೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಎಂಟನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಚೆನ್ನ. ಜಿ ತಂತಿಗೂ ಹಾಗೇ ಮಾಡಿ. ಎರಡರ ನಡುವೆ ತುಂಬಾ ವ್ಯತ್ಯಾಸ ಬಂದರೆ ವಾಪಸ್ ಬನ್ನಿ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿ ಹಾಕುವಂಥದ್ದು) ಆದರೆ ಹೊಸ 9 ವೋಲ್ಟ್ ಬ್ಯಾಟರಿ ನೀವೇ ಒಯ್ಯಿರಿ. "ಬ್ಯಾಟರಿ ಇಲ್ರಿ, ಅದಕ್ಕ ಸೌಂಡ್ ಬರವಲ್ದು" ಅನ್ನುವುದು ಇನ್ನೊಂದು ಹಳೇ ಆಟ.

ಜೆ ಬೇಸ್ ಹುಡುಕುವವರಿಗೆ ಇನ್ನೊಂದು, ಇದು ಮೋಸ ಅಲ್ಲ, ಅದರ ಗುಣವೇ ಹಾಗೆ. ಎರಡೂ ಪಿಕಪ್ ಸಮ ಇದ್ದರೆ ಗುಂಯ್ ಸದ್ದು ಒಂದಕ್ಕೊಂದು ಹೊಡೆದುಹೋಗುತ್ತದೆ. ಒಂದನ್ನೇ ಏರಿಸಿದರೆ ಗುಂಯ್ ಶುರು. ಗಣಪತಿ ಪೆಂಡಾಲ್‌ನಲ್ಲಿ ಸೀರಿಯಲ್ ಲೈಟು, ಜನರೇಟರ್ ಪಕ್ಕ ನಿಂತು ಬಾರಿಸುವವರಿಗೆ ಪಿ ಬೇಸ್‌ನ ಎರಡು ತುಂಡಿನ ಪಿಕಪ್ಪೇ ನಿಶ್ಚಿಂತೆ.

ನನ್ನ ಬೇಸ್ ಈಗ ನೆಕ್ ಬಿಚ್ಚಿ ಮೂಲೆಯಲ್ಲಿದೆ. ಬಾಡಿ, ಬ್ರಿಜ್, ಮುಂದಿನ ಪಿಕಪ್ ಉಳಿದವು, ಹೊಸ ನೆಕ್ ಹೈದರಾಬಾದಿನಿಂದ ಬರಬೇಕು. ಮೊನ್ನೆ ಯಾದಗಿರಿಯ ಹುಡುಗನೊಬ್ಬ ಒಂದು ವಿಡಿಯೋ ಕಳಿಸಿ "ಅಣ್ಣಾ, ಇದು ಹ್ಯಾಂಗದ ನೋಡ್ರಿ" ಅಂದ. ಕಪ್ಪು ಬಾಡಿ, ಬೇರೆ ಕೋಣೆ, ಮುಖ ಕಾಣಿಸುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿದರೆ ಅದೇ ಜಾರು, ಅದೇ ಸ್ಲ್ಯಾಪ್. ವಿಡಿಯೋ ಕಾಲ್ ಮಾಡಿ, ಖಾಲಿ ಇ ತಂತಿ ಬಾರಿಸುತ್ತಾ ಹಿಂದಿನ ಪಿಕಪ್‌ನ ನಾಬ್ ಪೂರ್ತಿ ಇಳಿಸಿ ಏರಿಸಿ ತೋರಿಸು ಅಂತ ಕೇಳು ಅಂದೆ. ಹುಡುಗ ಕೇಳಿದ್ದಾನೆ. ರೂಮಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಡ್ವಾನ್ಸ್ ಮಾತ್ರ ಇವತ್ತೇ ಹಾಕಬೇಕು ಅಂದನಂತೆ.