ತೋಳ ನೋಡಲು ಹೋಗುವವರಿಗೆ: ರೋಮ್‌ನ ಕಾಪಿಟೋಲೈನ್ ಮ್ಯೂಸಿಯಂ

ಐತಿಹ್ಯದ ಪ್ರಕಾರ ಮುಂದೆ ರೋಮ್ ಕಟ್ಟಿದ ರೋಮ್ಯುಲಸ್ ಮತ್ತವನ ತಮ್ಮ ರೀಮಸ್ ಎಂಬ ಅವಳಿ ಮಕ್ಕಳಿಗೆ ಹಾಲೂಡಿಸಿದ ಹೆಣ್ಣುತೋಳದ ಕತೆಯನ್ನು ಒಂದೇ ಸೂರಿನಡಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೈಕೆಲೇಂಜೆಲೊ ರೂಪಿಸಿದ ಚೌಕದಲ್ಲಿ, ಕಂಬದ ಮೇಲೊಂದು ತೋಳ ಮೊದಲು ಕಣ್ಣಿಗೆ ಬೀಳುತ್ತದೆ. ಅದು ನಕಲು. ಅಸಲಿ ಕಂಚಿನ ತೋಳ ಇರುವುದು ಮ್ಯೂಸಿಯಂನ ಭಾಗವಾದ, ಹಿಂದೆ ಊರಿನ ಅಧಿಕಾರಿಗಳು ಸಭೆ ಸೇರುತ್ತಿದ್ದ ಕನ್ಸರ್ವತೋರಿ ಅರಮನೆಯ ಮೊದಲ ಮಹಡಿಯಲ್ಲಿ.

ಮೆಟ್ಟಿಲು ಹತ್ತಿದವರು ನೇರ ತೋಳದ ಕೋಣೆಗೆ ಓಡಬಾರದು. ಮೊದಲು, ಹಳೆಯ ರೋಮನ್ ಕತೆಯಲ್ಲಿ ಕಾದಾಡುವ ಎರಡು ಸೋದರ ತಂಡಗಳ ಹೆಸರು ಹೊತ್ತ ಹೊರೇಶಿಯ ಮತ್ತು ಕ್ಯೂರಿಯೇಶಿಯರ ಸಭಾಂಗಣದಲ್ಲಿ ಕಾಲು ಗಂಟೆ ನಿಲ್ಲಿ. ಕವಾಲಿಯೆರ್ ದ'ಆರ್ಪಿನೊ ಇಲ್ಲಿನ ಭಿತ್ತಿಚಿತ್ರಗಳನ್ನು 1595ರಲ್ಲಿ ಶುರುಮಾಡಿ, ನಡುವೆ ವರ್ಷಗಟ್ಟಲೆ ಬಿಟ್ಟು, 1640ರ ಹೊತ್ತಿಗೆ ಮುಗಿಸಿದ. ತೋಳ ಸಿಕ್ಕಿದ ದೃಶ್ಯ ಮೊದಲಿನದು, ಗಟ್ಟಿಯಾಗಿದೆ. ರೋಮನ್ನರು ಮಾಡಿದ ನೆರೆಯ ಸಬೈನ್ ಜನರ ಹೆಣ್ಣುಮಕ್ಕಳ ಅಪಹರಣ ಕೊನೆಯ ಕಂತಿನದು. ಅಷ್ಟರಲ್ಲಿ ಕೈ ಸೋತಿದ್ದು ಎದ್ದು ಕಾಣುತ್ತದೆ. ಐರೋಪ್ಯ ಆರ್ಥಿಕ ಸಮುದಾಯ ಹುಟ್ಟುಹಾಕಿದ 1957ರ ರೋಮ್ ಒಪ್ಪಂದಕ್ಕೆ ಇದೇ ಕೋಣೆಯಲ್ಲಿ ಸಹಿ ಬಿತ್ತು.

ಇನ್ನು ತೋಳ. ಎತ್ತರ 75 ಸೆಂಟಿಮೀಟರ್, ಉದ್ದ 114. ಫೋಟೋಗಳಲ್ಲಿ ಕಂಡಷ್ಟು ದೊಡ್ಡದಲ್ಲ. ಒಂದು ಸುತ್ತು ಹಾಕಿ ನೋಡಿ: ಕತ್ತಿನ ತುಪ್ಪಳ ಸಣ್ಣ ಸಣ್ಣ ಸುರುಳಿಗಳಾಗಿ ಸಾಲುಗಟ್ಟಿದೆ, ಪಕ್ಕೆಲುಬುಗಳು ಮೈಮೇಲೆ ಗೆರೆ ಎಳೆದಂತಿವೆ. ಕೆಳಗಿನ ಮಕ್ಕಳದ್ದು ಬೇರೆಯೇ ಮೈ, ದುಂಡು ದುಂಡಗೆ. ಕಾರಣ ಸರಳ: ಅವು 15ನೇ ಶತಮಾನದ ಕೊನೆಯಲ್ಲಿ ಸೇರಿದವು, ಶಿಲ್ಪಿ ಪೊಲ್ಲಾಯುವೊಲೊನ ಕೆಲಸ ಎನ್ನುತ್ತಾರೆ.

ತೋಳದ ವಯಸ್ಸಿನದೇ ದೊಡ್ಡ ತಕರಾರು. ಕ್ರಿ.ಪೂ. 5ನೇ ಶತಮಾನದ, ಇಟಲಿಯ ಪ್ರಾಚೀನ ಎಟ್ರುಸ್ಕನ್ ಜನರ ಕೃತಿ ಎಂದು ಬಹುಕಾಲ ನಂಬಿದ್ದರು. 1997ರಿಂದ ಅದನ್ನು ಶುಚಿಗೊಳಿಸಿದ ಆನ್ನಾ ಮರಿಯಾ ಕರೂಬಾ, ಇಡೀ ಮೈ ಒಂದೇ ಎರಕದ್ದು, ಬೆಸುಗೆಯೇ ಇಲ್ಲ ಎಂದು 2006ರಲ್ಲಿ ಬರೆದರು. ಪ್ರಾಚೀನರು ದೊಡ್ಡ ಕಂಚನ್ನು ತುಂಡುತುಂಡಾಗಿ ಎರೆದು ಜೋಡಿಸುತ್ತಿದ್ದರು. ಒಂದೇ ಎರಕ ಮಧ್ಯಯುಗದ ಗಂಟೆ ಎರೆಯುವವರ ರೀತಿ. ಆಮೇಲಿನ ಕಾಲನಿರ್ಣಯ ಪರೀಕ್ಷೆಗಳು 11–12ನೇ ಶತಮಾನದತ್ತ ಬೆರಳು ಮಾಡಿದವು. ಒಪ್ಪದ ವಿದ್ವಾಂಸರೂ ಇದ್ದಾರೆ. ಹಿಂಗಾಲಿನ ಒಡಕನ್ನು ತಪ್ಪದೆ ನೋಡಿ. ರೋಮನ್ ವಾಗ್ಮಿ ಸಿಸೆರೊ ಹೇಳುವ ಕ್ರಿ.ಪೂ. 65ರ ಸಿಡಿಲಿನ ಗುರುತು ಅದೇ ಎಂದು ಹಿಂದೆ ತೋರಿಸುತ್ತಿದ್ದರು. ಎರಕ ಸರಿಯಾಗಿ ಇಳಿಯದ ದೋಷ ಅನ್ನುವುದೇ ಹೆಚ್ಚು ಸರಿ.

ರೋಮನ್ ಕವಿ ವರ್ಜಿಲ್‌ನ 'ಈನಿಯಡ್' ಮಹಾಕಾವ್ಯದ ಎಂಟನೇ ಸರ್ಗ ಓದಿಕೊಂಡು ಹೋದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಅಲ್ಲಿ ನಾಯಕ ಈನಿಯಸ್‌ನ ಗುರಾಣಿಯ ಮೇಲೆ ಕೆತ್ತಿದ ತೋಳ ಕತ್ತು ಹಿಂದಕ್ಕೆ ತಿರುಗಿಸಿ ಮಕ್ಕಳನ್ನು ನೆಕ್ಕುತ್ತದೆ. ಈ ಕಂಚಿನ ತೋಳಕ್ಕೆ ಮಕ್ಕಳ ಕಡೆ ಗಮನವೇ ಇಲ್ಲ. ಕಿವಿ ನಿಮಿರಿಸಿ, ಬಂದವರನ್ನು ದಿಟ್ಟಿಸುತ್ತಿದೆ. ತಾಯಿಗಿಂತ ಕಾವಲುಗಾರ್ತಿ.

ಎರಡನೇ ಮಹಡಿಯ ಚಿತ್ರಶಾಲೆಗೆ ಕಾಲು ನೋಯುವ ಮೊದಲೇ ಹತ್ತಿ. ರೂಬೆನ್ಸ್‌ನ 'ರೋಮ್ಯುಲಸ್ ಮತ್ತು ರೀಮಸ್' ಅಲ್ಲಿದೆ: ಮಲಗಿದ ತೋಳ, ಚೆರ್ರಿ ಹಣ್ಣು ತರುವ ಮರಕುಟಿಗ, ಒಂದು ಬದಿಯಲ್ಲಿ ಟೈಬರ್ ನದಿಯ ದೇವರು, ಇನ್ನೊಂದು ಬದಿಯಿಂದ ಬರುತ್ತಿರುವ ದನಗಾಹಿ ಫಾಸ್ಟುಲಸ್. ಪಿಯೆತ್ರೊ ದ ಕೊರ್ತೊನಾ ಬರೆದ ಸಬೈನ್ ಅಪಹರಣವೂ ಅಲ್ಲೇ. ಕೆಳಗಿನ ಗೋಡೆಯ ಚಿತ್ರದ ಜೊತೆ ಹೋಲಿಸಿದರೆ ಯಾರ ಕೈ ಮೇಲು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕತೆಗಷ್ಟೇ ಎರಡು ಗಂಟೆ ಸಾಕು, ಇಡೀ ಸಂಗ್ರಹಕ್ಕೆ ಅರ್ಧ ದಿನ ಬೇಕು. ಒಂದು ಕೊರತೆ ಉಳಿದೇ ಉಳಿಯುತ್ತದೆ. ಸಭಾಂಗಣದಲ್ಲಿ ರೋಮ್ಯುಲಸ್ ನೇಗಿಲು ಹೂಡಿ ಊರಿನ ಗಡಿ ಗೀರುತ್ತಾನೆ. ಗೋಡೆ ಹಾರಿದ ತಮ್ಮನನ್ನು ಕೊಂದದ್ದು ಆ ಸಾಲಿನಲ್ಲಿ ಇಲ್ಲ. ಊರಿನ ಅಧಿಕಾರಿಗಳು ತಮ್ಮ ಸಭೆಯ ಗೋಡೆಗೆ ಬರೆಸಿದ ಚಿತ್ರಗಳು, ಅವರಿಗೆ ಬೇಕಾದದ್ದು ಊರು ಕಟ್ಟಿದ ಕತೆ. ಕೊಲೆಯ ಕತೆಗೆ ರೋಮನ್ ಇತಿಹಾಸಕಾರ ಲಿವಿಯ ಮೊದಲ ಪುಸ್ತಕದ ಏಳನೇ ಅಧ್ಯಾಯವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು.