ಭಾರತದ ಜನಗಣತಿ: ಒಂದು ಸಾರ್ವಜನಿಕ ಸೇವೆಯ ವಿಮರ್ಶೆ

ಜನಗಣತಿಗೆ ಉತ್ತರ ಕೊಡುವವರೂ ನಾವೇ, ಅದರ ಅಂಕಿಅಂಶ ಬಳಸುವವರೂ ನಾವೇ ಆಗಿರುವಾಗ, ಉಳಿದ ಸರ್ಕಾರಿ ಸೇವೆಗಳಂತೆ ಇದರ ಗುಣಮಟ್ಟವನ್ನೂ ತೂಗಿ ನೋಡುವುದರಲ್ಲಿ ತಪ್ಪಿಲ್ಲ.

2011ರ ಕೋಷ್ಟಕಗಳಲ್ಲಿ ಯಾವುದೇ ಗ್ರಾಮದ ಸಾಲನ್ನು ತೆರೆದರೂ ಆರು ವರ್ಷದವರೆಗಿನ ಮಕ್ಕಳು, ಅಕ್ಷರಸ್ಥರು, ಸಾಗುವಳಿದಾರರು, ಕೃಷಿ ಕಾರ್ಮಿಕರು ಎಷ್ಟೆಂಬ ಲೆಕ್ಕ ಹೆಣ್ಣು ಗಂಡು ಪ್ರತ್ಯೇಕವಾಗಿ, ಅದೂ ಉಚಿತವಾಗಿ ಸಿಗುತ್ತದೆ. ಇಷ್ಟು ಕೆಳಹಂತದ ವಿವರವನ್ನು ಯಾವ ಮಾದರಿ ಸಮೀಕ್ಷೆಯೂ ಕೊಡಲಾರದು. ಆದರೆ ಪ್ರಕಟಣೆ ತೀರಾ ನಿಧಾನ: ಧರ್ಮವಾರು ಅಂಕಿಗಳು 2015ರಲ್ಲಿ, ಬಿಹಾರ ಚುನಾವಣೆಯ ಹೊಸ್ತಿಲಲ್ಲಿ ಹೊರಬಂದು ವಿವಾದಕ್ಕೆ ಗುರಿಯಾದವು, ಮಾತೃಭಾಷೆಯ ಅಂಕಿಗಳಿಗೆ 2018ರವರೆಗೆ ಕಾಯಬೇಕಾಯಿತು. ಬಿಡುಗಡೆಯ ದಿನಾಂಕವನ್ನು ಮೊದಲೇ ಘೋಷಿಸಿದ್ದರೆ ಅರ್ಧ ಸಂಶಯ ಅಲ್ಲೇ ತೀರುತ್ತಿತ್ತು. 2021ರ ಗಣತಿ ನಡೆಯದೆ ಹೋದದ್ದರಿಂದ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಮಿತಿ ಇಂದಿಗೂ 2011ರ ಜನಸಂಖ್ಯೆಗೇ ಅಂಟಿಕೊಂಡಿದೆ.

ಜಾತಿ ಎಣಿಕೆಯ ವಿಷಯದಲ್ಲಿ ರಾಜಕೀಯ ಜಗಳದಷ್ಟೇ ತಾಂತ್ರಿಕ ಸಿದ್ಧತೆಯೂ ಮುಖ್ಯ. 1931ರಲ್ಲಿ 4,147 ಜಾತಿಗಳು ದಾಖಲಾಗಿದ್ದರೆ, 2011ರಲ್ಲಿ ಪ್ರತ್ಯೇಕವಾಗಿ ನಡೆಸಿದ ಸಾಮಾಜಿಕ–ಆರ್ಥಿಕ ಜಾತಿ ಗಣತಿಯಲ್ಲಿ 46 ಲಕ್ಷ ಹೆಸರುಗಳು ಬಂದವೆಂದು ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಜಾತಿ, ಉಪಜಾತಿ, ಗೋತ್ರ, ಬೆಡಗು, ಮನೆತನದ ಹೆಸರು ಎಲ್ಲವೂ ಒಂದೇ ಕಾಲಮಿನಲ್ಲಿ ಬಿದ್ದರೆ, ಒಂದೇ ಹೆಸರು ನಾಲ್ಕು ಕಾಗುಣಿತದಲ್ಲಿ ಬಂದರೆ, ಆಗುವುದೇ ಹೀಗೆ. 2027ರ ಗಣತಿಯಲ್ಲಿ ಜಾತಿಯನ್ನು ಎಣಿಸಲು 2025ರ ಏಪ್ರಿಲ್‌ನಲ್ಲಿ ನಿರ್ಧಾರವಾಗಿದೆ. ಪ್ರತಿ ಜಾತಿಗೂ ಒಂದೊಂದು ಸಂಕೇತ ಗೊತ್ತುಮಾಡುವ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸದಿದ್ದರೆ ಆ ನಿರ್ಧಾರದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಈ ಸೇವೆಯ ಅತ್ಯುತ್ತಮ ಅಂಶ ಯಾರ ಕಣ್ಣಿಗೂ ಬೀಳದಂತಿರುವುದು ಬೇಸರದ ಸಂಗತಿ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ವೈಯಕ್ತಿಕ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ, ಸಾಕ್ಷ್ಯವಾಗಿ ಬಳಸಲೂ ಸಾಮಾನ್ಯವಾಗಿ ಬರುವುದಿಲ್ಲ. (ಸಂಪ್ರದಾಯ ಅಡ್ಡಬಂದರೆ ಗಂಡನ ಹೆಸರು ಹೇಳದಿರುವ ಸ್ವಾತಂತ್ರ್ಯವನ್ನೂ ಇದೇ ಕಾಯ್ದೆ ಮಹಿಳೆಗೆ ಕೊಟ್ಟಿದೆ.) 2020ರಲ್ಲಿ ಗಣತಿಯ ಮೊದಲ ಹಂತವಾದ ಮನೆಪಟ್ಟಿಯ ಜೊತೆಗೇ, ದೇಶದ ವಾಸಿಗಳ ಪಟ್ಟಿಯಾದ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯನ್ನೂ ಪರಿಷ್ಕರಿಸಲು ಹೊರಟಾಗ ಜನ ಬೆದರಿದ್ದು ಅಕಾರಣವಾಗಿರಲಿಲ್ಲ, ಆ ನೋಂದಣಿ ನಡೆಯುವುದು ಪೌರತ್ವ ನಿಯಮಗಳಡಿ, ಈ ಗೌಪ್ಯತೆ ಅದಕ್ಕೆ ಅನ್ವಯಿಸುವುದಿಲ್ಲ. ಒಬ್ಬನೇ ಗಣತಿದಾರ ಒಂದೇ ಬಾಗಿಲಲ್ಲಿ ಎರಡು ಕಾನೂನುಗಳ ನಮೂನೆ ಹಿಡಿದು ನಿಂತರೆ, ಯಾವ ಉತ್ತರ ಎಲ್ಲಿಗೆ ಹೋಗುತ್ತದೆಂದು ಮನೆಯವರಿಗೆ ತಿಳಿಯುವುದಾದರೂ ಹೇಗೆ? ಎರಡನ್ನೂ ಪೂರ್ತಿ ಬೇರ್ಪಡಿಸಿ, 15ನೇ ಕಲಮನ್ನು ಮೊದಲ ಪ್ರಶ್ನೆಗಿಂತ ಮುಂಚೆಯೇ ಮನೆಯವರ ಭಾಷೆಯಲ್ಲಿ ಓದಿ ಹೇಳುವವರೆಗೆ ನನ್ನ ಲೆಕ್ಕದಲ್ಲಿ ಇದಕ್ಕೆ ಐದಕ್ಕೆ ಮೂರು ಅಂಕ.